ಮದನಕೋದ್ರವ: ಕರ್ಮಗ್ರಂಥಗಳ ಒಂದು ದೃಷ್ಟಾಂತ ಮತ್ತು ಅಮಲಿನ ಧಾನ್ಯದ ಇತಿಹಾಸ

ಮೋಹನೀಯ ಕರ್ಮವನ್ನು ಮದ್ಯಕ್ಕೆ ಹೋಲಿಸುವ ದೃಷ್ಟಾಂತವು ಸ್ವಾಧ್ಯಾಯ ಮಾಡುವವರೆಲ್ಲರಿಗೂ ಪರಿಚಿತ. ದರ್ಶನಮೋಹನೀಯದ ಮೂರು ಭೇದಗಳನ್ನು ತಿಳಿಸುವಾಗ ಮಾತ್ರ ಆಚಾರ್ಯರು ಮದ್ಯವನ್ನು ಬಿಟ್ಟು ಒಂದು ಧಾನ್ಯದ ಕಡೆಗೆ ತಿರುಗುತ್ತಾರೆ. ಆ ಧಾನ್ಯವೇ ಕೋದ್ರವ. ಕನ್ನಡದಲ್ಲಿ ಅದಕ್ಕೆ ಹಾರಕವೆಂದೂ ನೆರೆಯ ಮರಾಠಿಯಲ್ಲಿ ಹರೀಕವೆಂದೂ ಹೆಸರು. ರಾಯಬಾಗ ಸೀಮೆಯ ಅಲಖನೂರ, ಚಿಕ್ಕೋಡಿ ಸೀಮೆಯ ಸದಲಗಾ ಮೊದಲಾದ ಊರುಗಳ ಸುತ್ತಿನ ಹೊಲಗಳಲ್ಲಿ ಇಂದು ಕಬ್ಬು, ಜೋಳ, ಗೋವಿನಜೋಳ, ಹೊಗೆಸೊಪ್ಪುಗಳದೇ ಪ್ರಾಬಲ್ಯ. ಹಾರಕದ ಅನ್ನವನ್ನು ಉಂಡವರು ವಿರಳ. ಹೀಗಾಗಿ ಶಾಸ್ತ್ರವಾಚನದಲ್ಲಿ ‘ಕೋದ್ರವ’ ಎಂಬ ಮಾತು ಬಂದಾಗ ಓದುವವರೂ ಕೇಳುವವರೂ ಅದನ್ನು ಯಾವುದೋ ಕಿರುಧಾನ್ಯವೆಂದು ತಿಳಿದು ಮುಂದೆ ಸಾಗುತ್ತಾರೆ. ದೃಷ್ಟಾಂತದ ಸತ್ತ್ವವೆಲ್ಲ ಉಳಿದುಹೋಗುವುದು ಅಲ್ಲಿಯೇ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯ ಎಂಟನೆಯ ಅಧ್ಯಾಯದಲ್ಲಿ ಸಮ್ಯಗ್ಮಿಥ್ಯಾತ್ವ ಪ್ರಕೃತಿಯನ್ನು ವಿವರಿಸುತ್ತ, ವಿಶೇಷವಾಗಿ ತೊಳೆದುದರಿಂದ ಅಮಲಿನ ಶಕ್ತಿ ಕೆಲಮಟ್ಟಿಗೆ ಕುಂದಿ, ಕೆಲಮಟ್ಟಿಗೆ ಉಳಿದ ಕೋದ್ರವವನ್ನು ಉದಾಹರಿಸಿದ್ದಾರೆ. ಅಕಲಂಕದೇವರು ರಾಜವಾರ್ತಿಕದಲ್ಲಿ ಅದೇ ದೃಷ್ಟಾಂತವನ್ನು ಉಂಡವನ ಕಡೆಯಿಂದ ನೋಡಿದ್ದಾರೆ. ಅಂತಹ ಧಾನ್ಯವನ್ನು ಉಂಡವನ ಪರಿಣಾಮವು ಪೂರ್ಣವಾಗಿ ಕೆಡದೆ, ಪೂರ್ಣವಾಗಿ ತಿಳಿಯೂ ಆಗದೆ, ತುಸು ಕದಡಿದಂತಿರುತ್ತದೆ. ಅಮಲಿನಲ್ಲಿ ತರತಮವುಂಟು, ಆ ತರತಮವು ಧಾನ್ಯದಲ್ಲಿ ಉಳಿದ ಶಕ್ತಿಗೆ ಅನುಗುಣವಾಗಿರುತ್ತದೆ ಎಂಬ ಗ್ರಹಿಕೆ ಇಲ್ಲಿದೆ. ಇದನ್ನು ಬರೆದವರು ಹಾರಕ ಉಂಡು ತಲೆ ತಿರುಗಿದವರನ್ನು ಕಂಡಿದ್ದಿರಬೇಕು. ಕನಿಷ್ಠಪಕ್ಷ ಕಂಡವರಿಂದ ಕೇಳಿ ಬಲ್ಲವರಾಗಿದ್ದಿರಬೇಕು.

ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಇದೇ ಧಾನ್ಯವನ್ನು ಬೀಸುಗಲ್ಲಿಗೆ ಹಾಕಿದ್ದಾರೆ. ಪ್ರಥಮೋಪಶಮ ಸಮ್ಯಕ್ತ್ವಭಾವವೆಂಬ ಯಂತ್ರದಿಂದ ಮಿಥ್ಯಾತ್ವದ್ರವ್ಯವು ಮೂರಾಗುತ್ತದೆ. ಬೀಸಿದ ಕೋದ್ರವವು ಅಕ್ಕಿ, ನುಚ್ಚು, ಹೊಟ್ಟು ಎಂದು ಬೇರ್ಪಡುವಂತೆ ಎಂದು ವ್ಯಾಖ್ಯಾನಪರಂಪರೆಯು ವಿವರಿಸುತ್ತದೆ. ಪೂಜ್ಯಪಾದರಲ್ಲಿ ತೊಳೆಯುವ ಕ್ರಿಯೆ, ನೇಮಿಚಂದ್ರರಲ್ಲಿ ಬೀಸುವ ಕ್ರಿಯೆ. ಒಂದರಲ್ಲಿ ಶಕ್ತಿಯ ಕ್ಷಯಕ್ಕೆ, ಇನ್ನೊಂದರಲ್ಲಿ ದ್ರವ್ಯದ ವಿಭಾಗಕ್ಕೆ ಒತ್ತು. ಇವೆರಡೂ ಅಡುಗೆಮನೆಯ ಕೆಲಸಗಳೇ. ಹಾರಕದ ಕಾಳಿಗೆ ಪದರಪದರವಾಗಿ ಗಟ್ಟಿಯಾದ ಸಿಪ್ಪೆಯಿರುವುದರಿಂದ ಒಂದೇ ಸಲಕ್ಕೆ ಅದು ಅಕ್ಕಿಯಾಗುವುದಿಲ್ಲ. ಜೀವಕಾಂಡದಲ್ಲಿ ಮಿಶ್ರ ಗುಣಸ್ಥಾನಕ್ಕೆ ಕೊಟ್ಟಿರುವ ಮೊಸರು-ಬೆಲ್ಲದ ದೃಷ್ಟಾಂತವನ್ನು ಇದರೊಡನೆ ಬೆರೆಸಬಾರದು. ಅಲ್ಲಿ ಬೇರ್ಪಡಿಸಲಾಗದ ಎರಡು ರುಚಿಗಳ ಮಾತು. ಇಲ್ಲಿ ಒಂದೇ ವಸ್ತುವಿನಲ್ಲಿ ಇಳಿಯುತ್ತ ಬಂದ ಒಂದೇ ಶಕ್ತಿಯ ಮಾತು.

ಗೊಮ್ಮಟಸಾರಕ್ಕೆ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆ ಎಂಬ ವೃತ್ತಿಯನ್ನು 1359ರಲ್ಲಿ ಕೇಶವವರ್ಣಿ ರಚಿಸಿದನು. ಸಂಸ್ಕೃತ ವೃತ್ತಿಗೆ ಈ ಕನ್ನಡ ವೃತ್ತಿಯೇ ಮೂಲವೆಂಬುದನ್ನು ಖಚಿತಪಡಿಸಿದವರು ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು. ಕೇಶವವರ್ಣಿಯ ಶತಮಾನದಲ್ಲಿಯೇ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿ ಬರೆದನು. ಸಿದ್ಧಾಂತವನ್ನೂ ವಿಷಶಾಸ್ತ್ರವನ್ನೂ ಒಂದೇ ಕಾಲದ ಜೈನ ವಿದ್ವಾಂಸರು ದೇಶಭಾಷೆಯಲ್ಲಿ ಬರೆಯುತ್ತಿದ್ದುದು ಇಲ್ಲಿ ನೆನೆಯತಕ್ಕ ಸಂಗತಿ.

ಪ್ರಶ್ನೆ ಇರುವುದು ‘ಮದನ’ ಎಂಬ ವಿಶೇಷಣದಲ್ಲಿ. ಮದನಕೋದ್ರವವೆಂಬುದು ಕೋದ್ರವದ ಬೇರೊಂದು ಜಾತಿಯೋ ಅಥವಾ ಅದೇ ಕೋದ್ರವದ ಒಂದು ಅವಸ್ಥೆಯೋ? ಕೌಟಿಲ್ಯನ ಅರ್ಥಶಾಸ್ತ್ರದ ಔಪನಿಷದಿಕ ಅಧಿಕರಣದಲ್ಲಿ ಮದನಕೋದ್ರವದ ಹುಲ್ಲು ವಿಷಧೂಮದ ಸಾಮಗ್ರಿಗಳೊಡನೆ ಬರುತ್ತದೆ. ಅಷ್ಟರಿಂದ ಪ್ರಶ್ನೆ ತೀರುವುದಿಲ್ಲ. 19ನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದ ಸಸ್ಯಗಳನ್ನು ಕುರಿತು ಬರೆದವರೂ ಹರೀಕದಲ್ಲಿ ಅಮಲು ಬರಿಸುವ ಬಗೆ ಬೇರೆಯೆಂಬ ಜನರ ನಂಬಿಕೆಯನ್ನು ಕೇಳಿದ್ದರು. ಹಾಗೆ ತೋರುವುದು ಸಹಜ. ಒಂದು ವರ್ಷ ನಿರಪಾಯವಾಗಿದ್ದ ಕಾಳು ಇನ್ನೊಂದು ವರ್ಷ ಉಂಡವರನ್ನು ಮಲಗಿಸುತ್ತದೆ. ಕಣ್ಣಿಗೆ ಎರಡೂ ಒಂದೇ.

ಇದಕ್ಕೆ ಉತ್ತರವು ದೊರೆತದ್ದು 1985ರಲ್ಲಿ. ಹಾರಕದ ವಿಷಕ್ಕೆ ಸೈಕ್ಲೋಪಿಯಾಜೋನಿಕ್ ಆಮ್ಲವು ಕಾರಣವೆಂದೂ, ಅದನ್ನು ಉತ್ಪಾದಿಸುವುದು ಕಾಳಿಗೆ ಹತ್ತುವ ಆಸ್ಪರ್ಜಿಲಸ್ ಕುಲದ ಬೂಷ್ಟೆಂದೂ ಆ ವರ್ಷ ಪ್ರಕಟವಾದ ಸಂಶೋಧನೆಯು ತೋರಿಸಿತು. ಉಂಡವರಿಗೆ ತಲೆ ತಿರುಗುವಿಕೆ, ವಾಂತಿ, ನಡುಕ, ಜೋಂಪು ಬರುತ್ತವೆ. ಕಾಳು ಬಲಿಯುವಾಗಲೋ ಕೊಯ್ಲಿನಲ್ಲಿಯೋ ಮಳೆಯಾಗಿ ತೇವ ನಿಂತರೆ ಬೂಷ್ಟು ಹಬ್ಬುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಡ ಅರಣ್ಯದಲ್ಲಿ ಹಾರಕದ ಬೆಳೆಯನ್ನು ಮೇಯ್ದ 10 ಆನೆಗಳು ಸತ್ತಾಗ ಅವುಗಳ ಒಡಲಿನಲ್ಲಿ ಕಂಡುಬಂದುದೂ ಇದೇ ಆಮ್ಲ. ಆದುದರಿಂದ ಮದಶಕ್ತಿಯು ಕೋದ್ರವದ ಜಾತಿಗುಣವಲ್ಲ, ಹೊರಗಿನಿಂದ ಬಂದು ಸೇರಿದ್ದು. ಸೇರಿದ್ದು ಕುಂದಬಲ್ಲುದೆಂಬುದೇ ಪೂಜ್ಯಪಾದರ ದೃಷ್ಟಾಂತದ ಆಧಾರ. ಮದನಕೋದ್ರವವನ್ನು ಬೇರೆ ಜಾತಿಯೆಂದು ಅರ್ಥೈಸಿದರೆ ಆ ಆಧಾರ ಸಡಿಲವಾಗುತ್ತದೆ.

ಧಾನ್ಯಕ್ಕೆ ಹತ್ತಿದ ಬೂಷ್ಟಿನಿಂದ ಚಿತ್ತವು ಕದಡುವುದು ಭಾರತಕ್ಕೆ ಮಾತ್ರ ಸೀಮಿತವಲ್ಲ. ಯುರೋಪಿನ ರೈ ಧಾನ್ಯಕ್ಕೆ ಹತ್ತುವ ಎರ್ಗಟ್ ಎಂಬ ಶಿಲೀಂಧ್ರದಿಂದ ಮಧ್ಯಯುಗದಲ್ಲಿ ಊರೂರುಗಳೇ ನರಳಿದವು. ಕೈಕಾಲುಗಳು ಕೊಳೆತವು, ಕೆಲವರಿಗೆ ಸೆಳವು, ಚಿತ್ತಭ್ರಮೆಗಳು ಉಂಟಾದವು. ಆ ಎರ್ಗಟ್ಟಿನ ಸತ್ತ್ವಗಳನ್ನು ಶೋಧಿಸುತ್ತಿದ್ದ ಸ್ವಿಟ್ಸರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞನು 1938ರಲ್ಲಿ ಎಲ್.ಎಸ್.ಡಿ.ಯನ್ನು ಸಂಯೋಜಿಸಿದನು. ಅದರ ಪ್ರಭಾವವನ್ನು ತನ್ನ ಮೇಲೆಯೇ ಅರಿತದ್ದು 1943ರಲ್ಲಿ. ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಭಾಗದಷ್ಟೇ ಸಾಕು, ಕಾಣುವ ಬಣ್ಣ, ಕಾಲದ ಅರಿವು, ತಾನೆಂಬ ಭಾವ ಎಲ್ಲವೂ ಪಲ್ಲಟಗೊಳ್ಳುತ್ತವೆ. ಮಿದುಳಿನಲ್ಲಿ ಸೆರೊಟೊನಿನ್ನಿಗೆ ಮೀಸಲಾದ ಒಂದು ಗ್ರಾಹಕವನ್ನು ಅದು ಹಿಡಿಯುವುದೇ ಇದಕ್ಕೆ ಮುಖ್ಯ ಕಾರಣ. ಎರ್ಗಟ್ಟಿನ ಸತ್ತ್ವಗಳೂ ಹಾರಕದ ಆಮ್ಲವೂ ಟ್ರಿಪ್ಟೊಫಾನ್ ಎಂಬ ಒಂದೇ ಮೂಲದ್ರವ್ಯದಿಂದ ಶಿಲೀಂಧ್ರಗಳಲ್ಲಿ ಹುಟ್ಟುತ್ತವೆ. ಹುಟ್ಟಿನಲ್ಲಿ ದಾಯಾದಿಗಳಾದರೂ ಕೆಲಸ ಒಂದೇ ಅಲ್ಲ. ಹಾರಕದ ಆಮ್ಲವು ಜೀವಕೋಶಗಳ ಕ್ಯಾಲ್ಸಿಯಂ ಸಾಗಣೆಯನ್ನು ತಡೆಯುತ್ತದೆ; ಅದು ತರುವುದು ಮಂಕನ್ನೇ ಹೊರತು ವರ್ಣಮಯ ದೃಶ್ಯಗಳನ್ನಲ್ಲ. ಈ ಅಂತರವನ್ನು ಮರೆತು ನಮ್ಮ ಪ್ರಾಚೀನರು ಎಲ್.ಎಸ್.ಡಿ.ಯನ್ನು ಬಲ್ಲವರಾಗಿದ್ದರೆಂದು ಸಾರುವುದು ಪಾಂಡಿತ್ಯಕ್ಕೆ ಶೋಭೆಯಲ್ಲ.

ಸಜ್ಜೆಗೂ ಎರ್ಗಟ್ ಹತ್ತುತ್ತದೆ. 1950ರ ದಶಕದಲ್ಲಿ ಮುಂಬಯಿ ರಾಜ್ಯದಲ್ಲಿಯೂ 1975ರಲ್ಲಿ ರಾಜಸ್ಥಾನದಲ್ಲಿಯೂ ಅಂತಹ ಸಜ್ಜೆಯನ್ನು ಉಂಡವರಿಗೆ ವಾಂತಿ, ತಲೆಸುತ್ತು, ಜೋಂಪು ಬಂದುದು ದಾಖಲಾಗಿದೆ. ಅದಕ್ಕೆ ಕೃಷಿಶಾಸ್ತ್ರವು ಸೂಚಿಸಿದ ಉಪಾಯವೆಂದರೆ ಕಾಳನ್ನು ಗಾಢವಾದ ಉಪ್ಪುನೀರಿನಲ್ಲಿ ಹಾಕಿ, ತೇಲಿದ ಕೆಟ್ಟ ಕಾಳನ್ನು ತೆಗೆದು, ಉಳಿದುದನ್ನು ತೊಳೆದು ಒಣಗಿಸುವುದು. ಪ್ರಕ್ಷಾಲನವಿಶೇಷ ಎಂಬ ಪೂಜ್ಯಪಾದರ ಪದಕ್ಕೆ ಇದಕ್ಕಿಂತ ಹತ್ತಿರದ ಲೌಕಿಕ ನಿದರ್ಶನ ಸಿಗುವುದು ಕಷ್ಟ.

ಪಶ್ಚಿಮದಲ್ಲಿ ಈ ದ್ರವ್ಯಗಳಿಗೆ ಬೇರೊಂದು ಪ್ರತಿಷ್ಠೆ ಬಂದಿತು. ಆಲ್ಡಸ್ ಹಕ್ಸ್ಲಿಯು ಮೆಸ್ಕಲಿನ್ ಸೇವಿಸಿದ ತನ್ನ ಅನುಭವವನ್ನು 1954ರಲ್ಲಿ ಪುಸ್ತಕವಾಗಿಸಿ, ಗ್ರಹಿಕೆಯ ಬಾಗಿಲುಗಳೆಂಬ ಅರ್ಥದ ಹೆಸರನ್ನಿಟ್ಟನು. ಅವನೊಡನೆ ಪತ್ರವ್ಯವಹಾರ ನಡೆಸಿದ ವೈದ್ಯ ಹಂಫ್ರಿ ಆಸ್ಮಂಡ್, ಚಿತ್ತವನ್ನು ಪ್ರಕಟಪಡಿಸುವುದು ಎಂಬರ್ಥದ ‘ಸೈಕಿಡೆಲಿಕ್’ ಪದವನ್ನು ಬಳಕೆಗೆ ತಂದನು. 1960ರ ದಶಕದಲ್ಲಿ ಇದು ತರುಣರ ಚಳವಳಿಯಾಯಿತು. 1971ರ ಅಂತರರಾಷ್ಟ್ರೀಯ ಒಪ್ಪಂದವು ನಿರ್ಬಂಧ ಹೇರಿತು. ಭಾರತದಲ್ಲಿ ಮಾದಕದ್ರವ್ಯಗಳ ಅಧಿನಿಯಮವು ಬಂದದ್ದು, ಹಾರಕದ ವಿಷದ ಗುಟ್ಟು ಹೊರಬಿದ್ದ 1985ರಲ್ಲಿಯೇ. ಈಚಿನ ದಶಕಗಳಲ್ಲಿ ಅಣಬೆಯ ಸತ್ತ್ವವಾದ ಸಿಲೊಸಿಬಿನ್ನನ್ನು ಖಿನ್ನತೆಗೆ ಔಷಧವಾಗಿ ವೈದ್ಯರ ಸಮಕ್ಷದಲ್ಲಿ ಪರೀಕ್ಷಿಸಲಾಗುತ್ತಿದೆ. ಅದು ವೈದ್ಯಶಾಸ್ತ್ರದ ವಿಚಾರ, ಅಲ್ಲಿಯೇ ತೀರ್ಮಾನವಾಗಬೇಕು. ಆದರೆ ದ್ರವ್ಯಸೇವನೆಯಿಂದ ದರ್ಶನವು ತೆರೆಯುವುದೆಂಬ ವಾದಕ್ಕೆ ಕರ್ಮಗ್ರಂಥಗಳನ್ನು ಸಾಕ್ಷಿಗೆ ಕರೆಯುವಂತಿಲ್ಲ. ಅಲ್ಲಿ ಅಮಲಿನ ಧಾನ್ಯವು ನಿಂತಿರುವುದು ದರ್ಶನವನ್ನು ಕೆಡಿಸುವ ಕರ್ಮದ ಸ್ಥಾನದಲ್ಲಿ. ಅಮಲು ಇಳಿದಷ್ಟೂ ದೃಷ್ಟಿ ತಿಳಿಯಾಗುತ್ತದೆ. ಪೂರ್ತಿ ಶೋಧಿತವಾದ ಸಮ್ಯಕ್ತ್ವ ಪ್ರಕೃತಿಯೂ ಶ್ರದ್ಧಾನವನ್ನು ತಡೆಯದಿದ್ದರೂ ಚಲ-ಮಲಾದಿ ದೋಷಗಳನ್ನು ಉಳಿಸುತ್ತದೆ.

ಹಸ್ತಪ್ರತಿಗಳ ಸಂಪಾದಕರಿಗೆ ಇದರಿಂದ ಒಂದು ಸಣ್ಣ ಕೆಲಸ ಒದಗುತ್ತದೆ. ಮದನವೆಂದರೆ ನಿಘಂಟುಗಳಲ್ಲಿ ಮನ್ಮಥ, ಮೇಣ, ಮಂಗಾರೆ ಮೊದಲಾದ ಅರ್ಥಗಳೂ ಇರುವುದರಿಂದ ಟಿಪ್ಪಣಿಕಾರನು ದಾರಿ ತಪ್ಪುವ ಸಂಭವ ಹೆಚ್ಚು. ಈ ಪದವು ಬರುವೆಡೆ ‘ಅಮಲೇರಿದ ಹಾರಕ’ ಎಂದು ಅರ್ಥ ಬರೆದು, ಕನ್ನಡ ವೃತ್ತಿಯ ಓಲೆಪ್ರತಿಗಳಲ್ಲಿ ಧಾನ್ಯಕ್ಕೆ ಹಾರಕವೆಂಬ ದೇಶ್ಯ ಪರ್ಯಾಯವಿದ್ದರೆ ಅದನ್ನು ಪಾಠಾಂತರಗಳ ಸಾಲಿನಲ್ಲಿ ಬಿಡದೆ ನಮೂದಿಸತಕ್ಕದ್ದು.