ವಿಚ್ಛೇದಿತ ಹೆತ್ತವರ ಮಕ್ಕಳಿಗೆ ಕಾಲೇಜು ಆರ್ಥಿಕ ನೆರವು (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪದವಿ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಅನುದಾನಕ್ಕೂ ಸಾಲಕ್ಕೂ ಇರುವ ಬಾಗಿಲು ಒಂದೇ, ಫ್ಯಾಫ್ಸಾ ಎಂಬ ಅರ್ಜಿ. ಮದುವೆ, ಸೇನಾ ಸೇವೆ, ಅನಾಥ ಸ್ಥಿತಿ ಮೊದಲಾದ ಕೆಲವು ಸಂದರ್ಭಗಳನ್ನು ಬಿಟ್ಟರೆ, ಪದವಿ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ 24 ವರ್ಷ ತುಂಬುವವರೆಗೆ ಅವಲಂಬಿತನೆಂದೇ ಎಣಿಸಲಾಗುತ್ತದೆ. ಹೆತ್ತವರ ಆದಾಯವನ್ನು ತೋರಿಸಲೇಬೇಕು. ಹೆತ್ತವರು ಬೇರೆಯಾಗಿದ್ದರೆ ಯಾರ ಆದಾಯ? ವಿಚ್ಛೇದನದ ಡಿಕ್ರಿಯಲ್ಲಿ ಇದಕ್ಕೆ ಉತ್ತರವಿಲ್ಲ. ಮಗು ಯಾರ ಸುಪರ್ದಿಗೆ, ತೆರಿಗೆ ಲೆಕ್ಕದಲ್ಲಿ ಯಾರ ಪಾಲಿಗೆ ಎಂದು ಕೋರ್ಟು ಏನೇ ಬರೆದಿರಲಿ, ನೆರವಿನ ಕಾನೂನಿನ ಅಳತೆಗೋಲು ಬೇರೆ.

ಸೂರಿನಿಂದ ಜೇಬಿಗೆ

ಹಳೆಯ ನಿಯಮ ಸೂರನ್ನು ನೋಡುತ್ತಿತ್ತು. ಅರ್ಜಿಯ ಹಿಂದಿನ 12 ತಿಂಗಳಲ್ಲಿ ಮಗು ಯಾರ ಮನೆಯಲ್ಲಿ ಹೆಚ್ಚು ಕಾಲ ಇತ್ತೋ ಅವರ ಲೆಕ್ಕ ಮಾತ್ರ ಸಾಕಿತ್ತು. ಹೀಗಾಗಿ ಕಡಿಮೆ ಸಂಬಳದ ತಾಯಿಯ ಮನೆಯಲ್ಲಿ 183 ರಾತ್ರಿ ಕಳೆದ ಮಗನಿಗೆ ಶ್ರೀಮಂತ ತಂದೆಯ ಆದಾಯ ಅಡ್ಡ ಬರುತ್ತಿರಲಿಲ್ಲ. (ವರ್ಷದ ದಿನಗಳು ಬೆಸಸಂಖ್ಯೆಯಾದ್ದರಿಂದ ಅಧಿಕ ವರ್ಷದ ಹೊರತು ಸಮಪಾಲು ಸಾಧ್ಯವೇ ಇಲ್ಲವೆಂಬುದು ಸಲಹೆಗಾರರಿಗೆ ಪ್ರಿಯವಾದ ಲೆಕ್ಕ.) 2020ರ ಡಿಸೆಂಬರಿನಲ್ಲಿ ಅಂಗೀಕಾರವಾದ ಫ್ಯಾಫ್ಸಾ ಸರಳೀಕರಣ ಕಾಯ್ದೆ ಇದನ್ನು ಬದಲಿಸಿತು. 2024-25ನೆಯ ಸಾಲಿನಿಂದ ಕೇಳುವುದು ಜೇಬಿನ ಪ್ರಶ್ನೆ: ಹಿಂದಿನ 12 ತಿಂಗಳಲ್ಲಿ ಮಗುವಿಗೆ ಹೆಚ್ಚು ಖರ್ಚು ಮಾಡಿದವರು ಯಾರು? ಇಬ್ಬರದೂ ಸಮವಾದರೆ ಹೆಚ್ಚು ಆದಾಯ, ಆಸ್ತಿ ಉಳ್ಳವರು. ಆ ಪೋಷಕರು ಮರುಮದುವೆಯಾಗಿದ್ದರೆ ಮಲತಂದೆ ಅಥವಾ ಮಲತಾಯಿಯ ಆದಾಯವೂ ಸೇರುತ್ತದೆ. ಮದುವೆಗೆ ಮುನ್ನ ಮಾಡಿಕೊಂಡ ಯಾವ ಕರಾರೂ ಇದನ್ನು ತಪ್ಪಿಸದು.

ಬೇರ್ಪಡೆಗೆ ಕೋರ್ಟಿನ ಕಾಗದ ಬೇಕಿಲ್ಲ, ಬೇರೆ ಬೇರೆ ಮನೆ ಬೇಕು. ವಿಚ್ಛೇದನವಾಗಿಯೂ ಒಂದೇ ಮನೆಯಲ್ಲಿದ್ದರೆ ಇಬ್ಬರ ಆದಾಯವನ್ನೂ ತೋರಿಸಬೇಕು. ವೈವಾಹಿಕ ಸ್ಥಿತಿ ಅರ್ಜಿ ಸಲ್ಲಿಸಿದ ದಿನದ್ದು, ಆದಾಯ ಮಾತ್ರ ಎರಡು ವರ್ಷ ಹಿಂದಿನದು. 2024-25ರ ಅರ್ಜಿಗೆ 2022ರ ತೆರಿಗೆ ಲೆಕ್ಕ. ಆಗ ಜಂಟಿಯಾಗಿ ತೆರಿಗೆ ಕಟ್ಟಿ ಆಮೇಲೆ ಬೇರೆಯಾದವರು ಆ ಒಂದೇ ಲೆಕ್ಕದಿಂದ ತಮ್ಮ ಪಾಲನ್ನು ಬಿಡಿಸಿ ತೋರಿಸಬೇಕಾಗುತ್ತದೆ.

ಜೀವನಾಂಶದ ಲೆಕ್ಕ

ಅಷ್ಟಾಗಿ ಚರ್ಚೆಯಾಗದ, ಆದರೆ ಬಹುಶಃ ಹೆಚ್ಚು ಮಹತ್ವದ ಬದಲಾವಣೆ ಇದು. ಮಗುವಿಗಾಗಿ ಬರುವ ಜೀವನಾಂಶವನ್ನು ಹಿಂದೆ ತೆರಿಗೆಯಿಲ್ಲದ ಆದಾಯವೆಂದು ಎಣಿಸುತ್ತಿದ್ದರು. ಈಗ ಅದು ಆಸ್ತಿ. ಹೆತ್ತವರ ಆದಾಯದಲ್ಲಿ ಸೂತ್ರವು ಗರಿಷ್ಠ ಶೇ. 47ರಷ್ಟನ್ನು ಕಾಲೇಜಿನ ಖರ್ಚಿಗೆ ಎಂದು ಹಿಡಿಯುತ್ತದೆ. ಆಸ್ತಿಯಲ್ಲಾದರೆ ಮೊದಲು ಶೇ. 12ನ್ನು ಮಾತ್ರ ತೆಗೆದುಕೊಂಡು, ಅದಕ್ಕೆ ಮತ್ತೆ ಅದೇ ದರ ಹಚ್ಚುತ್ತದೆ: ಗರಿಷ್ಠ ಶೇ. 5.64. ವರ್ಷಕ್ಕೆ 12,000 ಡಾಲರ್ ಜೀವನಾಂಶ ಪಡೆಯುವ ಮನೆಯಲ್ಲಿ ಹಿಂದೆ 5,640 ಡಾಲರಿನವರೆಗೆ ಕುಟುಂಬದ ಪಾಲಿಗೆ ಬೀಳಬಹುದಿತ್ತು. ಈಗ ಸುಮಾರು 677. ಇದು ಮೇಲಿನ ದರದ ಲೆಕ್ಕ; ಕಡಿಮೆ ಆದಾಯದವರಿಗೆ ವ್ಯತ್ಯಾಸವೂ ಕಡಿಮೆ. ಜೇಬಿನ ನಿಯಮದಿಂದ ಕೆಲವರು ಕಳೆದುಕೊಂಡುದನ್ನು ಇದು ಒಂದಿಷ್ಟು ತುಂಬಿಕೊಡುತ್ತದೆ ಎನ್ನಬಹುದು, ಎಲ್ಲರ ಮಟ್ಟಿಗೆ ಅಲ್ಲ.

ಇನ್ನೊಂದು ಅರ್ಜಿ

ಅನೇಕ ಖಾಸಗಿ ಕಾಲೇಜುಗಳು ತಮ್ಮ ಸ್ವಂತ ನಿಧಿಯಿಂದ ಕೊಡುವ ನೆರವಿಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿಯನ್ನೂ ಕೇಳುತ್ತವೆ. ಕಾಲೇಜ್ ಬೋರ್ಡ್ ಸಂಸ್ಥೆ 1954ರಲ್ಲಿ ಆರಂಭಿಸಿದ ಸೇವೆಯಿಂದ ಬೆಳೆದ ಅರ್ಜಿ ಇದು. ಇಲ್ಲಿ ಹಲವು ಕಾಲೇಜುಗಳು ಇನ್ನೊಬ್ಬ ಪೋಷಕರ ಲೆಕ್ಕವನ್ನೂ ಬಿಡುವುದಿಲ್ಲ. ಹಿಂಸೆ ಅಥವಾ ದೀರ್ಘಕಾಲದ ಸಂಪರ್ಕಹೀನತೆ ಇದ್ದರೆ ವಿನಾಯಿತಿ ಕೋರಬಹುದು. ತಂದೆ ಕೊಡಲೊಲ್ಲ ಎಂಬುದಷ್ಟೇ ಸಾಮಾನ್ಯವಾಗಿ ಸಾಲದು. ಈ ಪದ್ಧತಿಯಿಂದ ಶುಲ್ಕ ಏರಿತೆಂದು ಆರೋಪಿಸಿ 2024ರ ಅಕ್ಟೋಬರಿನಲ್ಲಿ ಕಾಲೇಜ್ ಬೋರ್ಡ್ ಮತ್ತು 40 ವಿಶ್ವವಿದ್ಯಾಲಯಗಳ ಮೇಲೆ ಇಲಿನಾಯ್‌ನ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು.

ನ್ಯಾಯಾಲಯಗಳು

ವಿಚ್ಛೇದಿತರು ಮಕ್ಕಳ ಕಾಲೇಜು ಶುಲ್ಕ ಕೊಡಲೇಬೇಕೇ ಎಂಬುದರಲ್ಲಿ ರಾಜ್ಯಗಳಿಗೆ ಒಮ್ಮತವಿಲ್ಲ. ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ 1982ರ ನ್ಯೂಬರ್ಗ್ ಮೊಕದ್ದಮೆಯಲ್ಲಿ ಇದಕ್ಕೆ ಮಾನದಂಡಗಳನ್ನು ಪಟ್ಟಿಮಾಡಿತು. ಇಲಿನಾಯ್ ಕಾಯ್ದೆಯಲ್ಲೂ ಕೋರ್ಟಿಗೆ ಈ ಅಧಿಕಾರವಿದೆ. ಪೆನ್ಸಿಲ್ವೇನಿಯದಲ್ಲಾದರೆ ಅಂಥ ಕಾಯ್ದೆಯನ್ನೇ 1995ರಲ್ಲಿ ಕರ್ಟಿಸ್ ವಿರುದ್ಧ ಕ್ಲೈನ್ ತೀರ್ಪು ಅಸಾಂವಿಧಾನಿಕವೆಂದಿತು. ಒಟ್ಟಿಗಿರುವ ತಂದೆತಾಯಿಗೆ ಇಲ್ಲದ ಹೊಣೆಯನ್ನು ಬೇರೆಯಾದವರ ಮೇಲೆ ಮಾತ್ರ ಹೊರಿಸುವುದು ಸಮಾನತೆಗೆ ವಿರುದ್ಧವೆಂಬುದು ಅದರ ತರ್ಕ.

ಭಾರತದಲ್ಲಿರುವ ಪೋಷಕರು

ವಿಚ್ಛೇದನದ ನಂತರ ಒಬ್ಬರು ಬೆಂಗಳೂರಿಗೆ ಮರಳಿ, ಇನ್ನೊಬ್ಬರು ಮಕ್ಕಳೊಂದಿಗೆ ಅಮೆರಿಕದಲ್ಲೇ ಉಳಿದ ಕನ್ನಡ ಕುಟುಂಬಗಳಿಗೂ ಇದೇ ನಿಯಮ. ಖರ್ಚು ಹೊರುವವರು ಭಾರತದಲ್ಲಿದ್ದರೆ ಫ್ಯಾಫ್ಸಾ ತುಂಬಬೇಕಾದವರು ಅವರೇ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೂ ಖಾತೆ ತೆರೆಯಬಹುದು, ರೂಪಾಯಿಯ ಆದಾಯವನ್ನು ಡಾಲರಿಗೆ ತಿರುಗಿಸಿ ಬರೆಯಬೇಕು. ವಿದ್ಯಾರ್ಥಿ ಮಾತ್ರ ಸಾಮಾನ್ಯವಾಗಿ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಆಗಿರಬೇಕು. ಎಚ್-4 ವೀಸಾದ ಮಕ್ಕಳು ಕೇಂದ್ರದ ನೆರವಿಗೆ ಅರ್ಹರಲ್ಲ.