ಝೇವಿಯರ್ಸ್‌ನ ಪಾದ್ರಿಗಳು, ಸಹ್ಯಾದ್ರಿಯ ಗಿಡಗಳು

ಸಿ.ಎಸ್.ಎಂ.ಟಿ.ಯಿಂದ ಮೆಟ್ರೋ ಸಿನೆಮಾದತ್ತ ಸಾಗುವ ಮಹಾಪಾಲಿಕಾ ಮಾರ್ಗದಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜು ಇದೆ. ಜೆಸುಯಿಟ್ ಪಾದ್ರಿಗಳು 1869ರಲ್ಲಿ ಆರಂಭಿಸಿದ ಕಾಲೇಜು. ಲೋಕಲ್ ಹಿಡಿಯುವ ಅವಸರದಲ್ಲಿ ಅದರ ಕಲ್ಲಿನ ಕಟ್ಟಡವನ್ನು ನಮ್ಮಲ್ಲಿ ಎಷ್ಟೋ ಮಂದಿ ದಾಟಿ ಹೋಗಿದ್ದೇವೆ. ಅದರೊಳಗೆ ಲಕ್ಷಕ್ಕೂ ಮೀರಿದ ಒಣಗಿದ ಗಿಡಗಳ ಸಂಗ್ರಹವೊಂದಿದೆ. ಬ್ಲಾಟರ್ ಹರ್ಬೇರಿಯಂ ಎಂದು ಅದರ ಹೆಸರು. ಜಗತ್ತು ದೇವರ ಸೃಷ್ಟಿ ಎಂದು ನಂಬಿ, ಅದನ್ನೇ ಸಾರಲು ಬಂದವರು ಹುಲ್ಲು, ಜರಿಗಿಡಗಳ ಹಿಂದೆ ಜೀವಮಾನ ಸವೆಸಿದ್ದೇಕೆ?

ಎಥೆಲ್‌ಬರ್ಟ್ ಬ್ಲಾಟರ್ 1877ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದವರು. 1903ರಲ್ಲಿ ಮುಂಬಯಿಗೆ ಬಂದರು. ಝೇವಿಯರ್ಸ್‌ನಲ್ಲಿ ಸಸ್ಯಶಾಸ್ತ್ರ ಕಲಿಸಿದರು, ಪ್ರಿನ್ಸಿಪಾಲರೂ ಆದರು. 1922ರಲ್ಲಿ ಡಿ'ಅಲ್ಮೇಡಾ ಅವರ ಜೊತೆ ಮುಂಬಯಿಯ ಜರಿಗಿಡಗಳ ಬಗ್ಗೆ, 1926ರಲ್ಲಿ ಭಾರತ ಮತ್ತು ಸಿಲೋನಿನ ತಾಳೆ ಜಾತಿಯ ಮರಗಳ ಬಗ್ಗೆ ಪುಸ್ತಕ ತಂದರು. 1934ರಲ್ಲಿ ಪುಣೆಯಲ್ಲಿ ತೀರಿಕೊಂಡಾಗ ಕೈಯಲ್ಲಿ ಇನ್ನೂ ಕೆಲಸವಿತ್ತು. ಚಾರ್ಲ್ಸ್ ಮೆಕ್‌ಕ್ಯಾನ್ ಅವರೊಂದಿಗೆ ಬರೆದ ಮುಂಬಯಿಯ ಹುಲ್ಲುಗಳ ಗ್ರಂಥ ಮರುವರ್ಷ, 1935ರಲ್ಲಿ, ಅಚ್ಚಾಯಿತು.

ಇದರಲ್ಲಿ ನಮಗೂ ಪಾಲಿದೆ. ಆಗಿನ ಮುಂಬಯಿ ಪ್ರಾಂತ್ಯವೆಂದರೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಸೇರಿದ ನಾಡು. ಥಿಯೋಡೋರ್ ಕುಕ್ ಪ್ರಾಂತ್ಯದ ಸಸ್ಯಗಳ ದೊಡ್ಡ ಗ್ರಂಥವನ್ನು 1908ರ ಹೊತ್ತಿಗೆ ಮುಗಿಸಿದ್ದರು. ಅದು ಸಾಲದೆಂದು ಬ್ಲಾಟರ್ ಮತ್ತು ಮೆಕ್‌ಕ್ಯಾನ್ ಅದನ್ನು ತಿದ್ದಿ ಬೆಳೆಸತೊಡಗಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅದು ಕಂತುಕಂತಾಗಿ ಬಂತು. ಉತ್ತರ ಕನ್ನಡದ ಕಾಡುಗಳಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಸೆಜ್‌ವಿಕ್ ಮತ್ತು ಬೆಲ್ ಕೂಡಿಸಿದ ಗಿಡಗಳೂ ಝೇವಿಯರ್ಸ್ ಸೇರಿದವು. ಊರು ಬಿಟ್ಟು ನಾವು ಇಲ್ಲಿಗೆ ಬರುವ ಎಷ್ಟೋ ಮೊದಲೇ ನಮ್ಮ ಘಟ್ಟದ ಗಿಡಗಳು ಮುಂಬಯಿಗೆ ವಲಸೆ ಬಂದಿದ್ದವು.

ಹರ್ಬೇರಿಯಂ ಕೆಲಸ ಕೇಳುವುದಕ್ಕೆ ಸುಲಭ. ಹೂವೋ ಕಾಯೋ ಇರುವ ಟೊಂಗೆ ಕತ್ತರಿಸಬೇಕು, ಕಾಗದಗಳ ನಡುವೆ ಒತ್ತಿಡಬೇಕು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕಾಗದ ಬದಲಿಸುತ್ತಲೇ ಇರಬೇಕು. ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ ಊರು, ತಾರೀಖು, ತಂದವರ ಹೆಸರು, ಗಿಡದ ಹೆಸರು ಬರೆಯಬೇಕು. ಮುಂದೆ ಯಾರಾದರೂ ಆ ಹೆಸರು ತಪ್ಪೆಂದು ಕಂಡರೆ ಹಳೆಯ ಚೀಟಿಯನ್ನು ಕೀಳುವುದಿಲ್ಲ, ಅದರ ಪಕ್ಕದಲ್ಲಿ ತಮ್ಮ ಹೆಸರು, ತಾರೀಖು ಹಾಕಿ ಹೊಸ ಚೀಟಿ ಅಂಟಿಸುತ್ತಾರೆ. ನಾಳೆ ಅದರ ಪಕ್ಕದಲ್ಲಿ ಇನ್ನೊಂದು ಬರಬಹುದು. ಗಿಡ ಒಂದೇ, ನಮ್ಮ ತಿಳಿವಳಿಕೆ ಚೀಟಿಯಿಂದ ಚೀಟಿಗೆ ಬದಲಾಗುತ್ತದೆ.

ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಪ್ರಾಣಿಪಕ್ಷಿಗಳನ್ನು ಆದಾಮನ ಮುಂದೆ ತಂದು ನಿಲ್ಲಿಸುತ್ತಾನೆ, ಆದಾಮ ಅವುಗಳಿಗೆ ಹೆಸರಿಡುತ್ತಾನೆ. ಗಿಡಗಳಿಗೆ ಹೆಸರಿಟ್ಟ ಮಾತು ಅಲ್ಲಿಲ್ಲ. ಆ ಬಾಕಿ ಕೆಲಸವನ್ನೇ ಈ ಪಾದ್ರಿಗಳು ಹೊತ್ತುಕೊಂಡಂತೆ ಕಾಣುತ್ತದೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಅರಿತಂತಾಗುವುದಿಲ್ಲ ಎಂಬ ಎಚ್ಚರವೂ ಅದೇ ಬೈಬಲ್ಲಿನಲ್ಲಿದೆ. ಯೋಬನ ಗ್ರಂಥದಲ್ಲಿ ನೊಂದ ಯೋಬನಿಗೆ ದೇವರು ಉತ್ತರ ಕೊಡುವುದಿಲ್ಲ, ಪ್ರಶ್ನೆಗಳ ಮಳೆಗರೆಯುತ್ತಾನೆ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎನ್ನುತ್ತಾನೆ. ಮನುಷ್ಯರೇ ಇಲ್ಲದ ಬೆಂಗಾಡಿನಲ್ಲಿ ಮಳೆ ಸುರಿಸಿ ಹುಲ್ಲು ಚಿಗುರಿಸುವವರು ಯಾರೆಂದು ಕೇಳುತ್ತಾನೆ. ಯಾರೂ ನೋಡದ ಹುಲ್ಲಿಗೂ ಬೆಲೆಯಿದೆ ಎಂಬ ಈ ನೋಟ ಸಸ್ಯಶಾಸ್ತ್ರಜ್ಞನಿಗೆ ಬಹಳ ಹತ್ತಿರದ್ದು.

ಬ್ಲಾಟರ್ ನಂತರ ಈ ಪರಂಪರೆಯನ್ನು ಮುಂದುವರಿಸಿದವರು ಹೆರ್ಮೆನೆಗಿಲ್ಡ್ ಸಂತಾಪಾವ್ (1903–1970). ಸ್ಪೇನಿನ ಜೆಸುಯಿಟ್ ಪಾದ್ರಿ. ಮುಂಬಯಿಯಿಂದ ಪುಣೆಗೆ ಹೋಗುವಾಗ ನಾವು ವಡಾಪಾವ್ ತಿನ್ನುತ್ತ ದಾಟುವ ಖಂಡಾಲ ಘಾಟನ್ನು ವರ್ಷಗಟ್ಟಲೆ ಸುತ್ತಿ, 1953ರಲ್ಲಿ ಅಲ್ಲಿನ ಸಸ್ಯಗಳ ಗ್ರಂಥ ಪ್ರಕಟಿಸಿದರು. 1961ರಿಂದ 1967ರವರೆಗೆ ಬೊಟಾನಿಕಲ್ ಸರ್ವೆ ಆಫ್ ಇಂಡಿಯಾದ ನಿರ್ದೇಶಕರಾಗಿದ್ದರು. 1967ರಲ್ಲಿ ಪದ್ಮಶ್ರೀ ಬಂತು.

ಖಂಡಾಲದ ಇಳಿಜಾರುಗಳ ತುಂಬ ಬೆಳೆಯುವ ಗಿಡ ಕಾರ್ವಿ, ನಮ್ಮ ಮಲೆನಾಡಿನ ಗುರಿಗೆಯ ಬಳಗದ್ದು. ಅದರ ಕಡ್ಡಿಗೆ ಮಣ್ಣು ಮೆತ್ತಿ ಆದಿವಾಸಿಗಳು ಗುಡಿಸಲಿನ ಗೋಡೆ ಕಟ್ಟುತ್ತಾರೆ. ಏಳು ವರ್ಷ ಸುಮ್ಮನಿದ್ದು ಎಂಟನೆಯ ವರ್ಷ ಗುಡ್ಡಕ್ಕೆ ಗುಡ್ಡವೇ ನೇರಳೆ ಬಣ್ಣದಲ್ಲಿ ಅರಳಿ, ಬೀಜ ಕಟ್ಟಿ ಸಾಯುತ್ತದೆ. ಸಾವಿರಾರು ಗಿಡಗಳು ಒಟ್ಟಿಗೆ ಎಂಟು ಎಣಿಸುವುದು ಹೇಗೆಂಬುದಕ್ಕೆ ಇಂದಿಗೂ ಪೂರ್ತಿ ಉತ್ತರವಿಲ್ಲ. ಅದರ ಹೆಸರೂ ಗಟ್ಟಿಯಾಗಿ ನಿಂತಿಲ್ಲ. ಸ್ಟ್ರೊಬಿಲ್ಯಾಂಥಸ್ ಎಂದಿದ್ದುದನ್ನು 1944ರಲ್ಲಿ ಬ್ರೆಮೆಕಾಂಪ್ ಎಂಬ ತಜ್ಞರು ಬೇರ್ಪಡಿಸಿ ಕಾರ್ವಿಯಾ ಎಂಬ ಕುಲ ಮಾಡಿದರು, ಈಚಿನವರು ಮತ್ತೆ ಹಳೆಯ ಕುಲಕ್ಕೇ ಸೇರಿಸಿದ್ದಾರೆ. ಸಂತಾಪಾವ್ ಅವರ ಗೌರವಕ್ಕೆಂದು ಇನ್ನೊಂದು ಗಿಡದ ಕುಲಕ್ಕೆ ಸಂತಾಪಾವಾ ಎಂದು ಹೆಸರಿಟ್ಟಿದ್ದರು. ಅದೂ ಬೇರೆ ಕುಲವಲ್ಲವೆಂದು ಮುಂದೆ ಹೈಗ್ರೊಫಿಲಾದಲ್ಲಿ ಕರಗಿಹೋಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಬ್ಲಾಟರ್ ಕಾಲದ ಸಸ್ಯಶಾಸ್ತ್ರ ಸಾಮ್ರಾಜ್ಯದ ನೆರಳಿನಲ್ಲಿ ಬೆಳೆದದ್ದು. ಕಾಡನ್ನು ಅರಿಯುವುದೂ ಆದಾಯಕ್ಕೆ ದಾರಿಯಾಗಿತ್ತು. ಲ್ಯಾಟಿನ್ ಹೆಸರಿಗೆ ಮೊದಲೇ ಕಾತಕರಿ, ವಾರ್ಲಿ ಜನರ ಬಾಯಲ್ಲಿ ಗಿಡಗಳಿಗೆ ಹೆಸರಿತ್ತು, ಉಪಯೋಗವೂ ಗೊತ್ತಿತ್ತು. ಅಷ್ಟಾದರೂ ಅವರು ಒಣಗಿಸಿಟ್ಟ ಹಾಳೆಗಳನ್ನು ತಳ್ಳಿಹಾಕಲಾಗದು. ಕಟ್ಟಡಗಳ ಕೆಳಗೆ ಮುಚ್ಚಿಹೋದ ಉಪನಗರಗಳಲ್ಲಿ ಒಂದು ಕಾಲಕ್ಕೆ ಏನು ಬೆಳೆಯುತ್ತಿತ್ತೆಂಬುದಕ್ಕೆ ಅಂಥ ಹಾಳೆಗಳೇ ಸಾಕ್ಷಿ.

ಕರ್ನಾಟಕದಲ್ಲಿ ಇದೇ ದಾರಿ ಹಿಡಿದವರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸುಯಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹಾ. ಡಾನ್ ನಿಕೋಲ್ಸನ್ ಅವರೊಂದಿಗೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ತಂದರು. ಕರ್ನಾಟಕದ ಸಸ್ಯಗಳ ಗ್ರಂಥದ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಬಂತು. 2002ರಲ್ಲಿ ಅವರು ತೀರಿಕೊಂಡಾಗ ಆ ಕೆಲಸವೂ ಬ್ಲಾಟರರ ಕೆಲಸದಂತೆ ಮುಗಿದಿರಲಿಲ್ಲ.

ಇಂಥ ಕೆಲಸ ಮುಗಿಯುವುದಿಲ್ಲವೆಂದು ಅವರಿಗೆ ಗೊತ್ತಿರಲೇಬೇಕು. ತಿಳಿಯದೆ ಉಳಿದದ್ದನ್ನು ಸೋಲೆಂದು ಎಣಿಸದೆ, ತಿಳಿದಷ್ಟನ್ನು ಕೊನೆಯ ಮಾತೆನ್ನದೆ, ಮುಂದಿನವರ ಚೀಟಿಗೆ ಹಾಳೆಯಲ್ಲಿ ಜಾಗ ಬಿಟ್ಟರು. ದೇವರನ್ನು ನಂಬುವವರಿಗೂ ನಂಬದವರಿಗೂ ಆ ಜಾಗ ತೆರೆದಿದೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾರ್ವಿ 2008ರಲ್ಲಿ, 2016ರಲ್ಲಿ, 2024ರಲ್ಲಿ ಅರಳಿತು. ಲೆಕ್ಕ ತಪ್ಪದಿದ್ದರೆ ಮುಂದಿನ ಸಲ 2032. ಅಷ್ಟು ಹೊತ್ತಿಗೆ ನಮ್ಮಲ್ಲಿ ಯಾರ್‍ಯಾರು ಈ ನಗರದಲ್ಲಿರುತ್ತೇವೋ! ಇದ್ದವರು ಮಳೆಗಾಲದ ಕೊನೆಗೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿ ನೋಡಿ.