ಹಾಲಿ ಸಿಕ್ಕಾದಿಂದ ಕ್ರೆಡಿಟ್ ಕಾರ್ಡಿನವರೆಗೆ

ಚಂದ್ರಬಂಡದಲ್ಲಿ ನನ್ನ ಬಳಿ ಓದಿ, ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಶಿಷ್ಯನೊಬ್ಬ ಕಳೆದ ವಾರ ಫೋನು ಮಾಡಿದ್ದ. ಕುಶಲ ಪ್ರಶ್ನೆಗಳಾದ ಮೇಲೆ ಮೆಲ್ಲನೆ ತನ್ನ ಚಿಂತೆಯನ್ನು ತೆರೆದಿಟ್ಟ. “ಸರ್, ಕಂಪನಿಯಾಗ ಮಂದೀನ ತೆಗಿಯಾಕ ಹತ್ಯಾರ್ರಿ. ಇಂಥಾ ಹೊತ್ತಿನಾಗ ಇದ್ದ ರೊಕ್ಕ ಖರ್ಚು ಮಾಡ್ಲೇನ್ರಿ, ಇಲ್ಲಾ ರೊಕ್ಕ ಹಂಗ ಇಟ್ಟು ಕಾರ್ಡಿನ ಮ್ಯಾಲ ನಡಸ್ಲೇನ್ರಿ?”

ನಾನು ಅರ್ಥಶಾಸ್ತ್ರಜ್ಞನಲ್ಲ, ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದೆನಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ಪ್ರಶ್ನೆಗೆ ನಮ್ಮ ಮನೆಯ ಇತಿಹಾಸದಲ್ಲಿಯೇ ಒಂದು ಉತ್ತರವಿದೆ. ಅದನ್ನು ನಿಮ್ಮೆಲ್ಲರೊಡನೆ ಹಂಚಿಕೊಳ್ಳೋಣವೆಂದು ಈ ಬರಹ.

ನಮ್ಮ ಸೀಮೆಯವರು ಹಣಕ್ಕೆ ‘ರೊಕ್ಕ’ ಎನ್ನುತ್ತೇವೆ. ಆ ಪದಕ್ಕೆ ಕೈಯಲ್ಲಿರುವ ನಗದು ಎಂಬ ಅರ್ಥವೂ ಉಂಟು. ಆದರೆ ಆ ನಗದು ಯಾವುದು ಎಂಬುದೇ ನಮ್ಮ ಹಿರಿಯರಿಗೆ ಒಂದು ಕಾಲದಲ್ಲಿ ಗೊಂದಲವಾಗಿತ್ತು. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು. ಅದೇ ಹಾಲಿ ಸಿಕ್ಕಾ. ಮೊದಲ ಮಹಾಯುದ್ಧದ ಬೆಳ್ಳಿಯ ಅಭಾವದಿಂದಾಗಿ 1918ರಲ್ಲಿ ಕಾಗದದ ನೋಟುಗಳೂ ಬಂದವು. ಆ ನೋಟುಗಳ ಮೇಲೆ ಉರ್ದುವಿನ ಜೊತೆಗೆ ಕನ್ನಡ, ತೆಲುಗು, ಮರಾಠಿಗಳಲ್ಲಿಯೂ ಮೌಲ್ಯವನ್ನು ಬರೆದಿರುತ್ತಿತ್ತು. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ನಮ್ಮವರು ‘ಕಲ್ದಾರ್’ ಎನ್ನುತ್ತಿದ್ದರು. ಅದರ ಬೆಲೆ ಹೆಚ್ಚು: 7 ಹಾಲಿ ರೂಪಾಯಿಗೆ 6 ಕಲ್ದಾರ್.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನವು ಭಾರತದಲ್ಲಿ ಸೇರಿತು. 1950ರಿಂದ ಭಾರತದ ರೂಪಾಯಿಯೂ ಹಾಲಿಯೂ ಜೊತೆಜೊತೆಗೆ ಚಲಾವಣೆಯಲ್ಲಿದ್ದವು; ಆ ದಶಕ ಮುಗಿಯುವುದರೊಳಗೆ ಹಾಲಿ ಪೂರ್ತಿಯಾಗಿ ಮರೆಯಾಯಿತು. ನಡುವೆ 1957ರ ಏಪ್ರಿಲ್ 1ರಂದು ಆಣೆ-ಪೈಗಳ ಜಾಗಕ್ಕೆ ನಯಾ ಪೈಸೆ ಬಂತು. ಹತ್ತೇ ವರ್ಷಗಳಲ್ಲಿ ಅಕ್ಷರ ಬಾರದ ಒಕ್ಕಲಿಗನೊಬ್ಬ ಎಷ್ಟು ಬಗೆಯ ಲೆಕ್ಕ ಕಲಿಯಬೇಕಾಯಿತೆಂಬುದನ್ನು ಊಹಿಸಿ!

ನನ್ನ ತಂದೆ ಅಂಥ ಒಬ್ಬ ಒಕ್ಕಲಿಗ. ಬೀಜಕ್ಕೆ, ಮನೆಯ ಕಾಳುಕಡಿಗೆ ಸಾಹುಕಾರರೊಬ್ಬರ ಅಂಗಡಿಯಲ್ಲಿ ಉದ್ರಿ ತರುತ್ತಿದ್ದರು. ಹತ್ತಿ ಮಾರಿದ ಮೇಲೆ ತೀರಿಸುವುದು ವಾಡಿಕೆ. ನಾಣ್ಯ ಬದಲಾದ ಆ ದಿನಗಳಲ್ಲಿ ಖಾತೆಯಲ್ಲಿ ಅವರ ಹೆಸರಿಗೆ 210 ಹಾಲಿ ರೂಪಾಯಿ ಬಾಕಿಯಿತ್ತಂತೆ. ಸಾಹುಕಾರರು “ಇನ್ನೂರಾ ಹತ್ತು ಬಾಕಿ” ಎಂದರು. ತಂದೆ ಹತ್ತಿಯ ಹಣದಿಂದ ಇನ್ನೂರಾ ಹತ್ತನ್ನೂ ಕಲ್ದಾರಿನಲ್ಲಿಯೇ ಎಣಿಸಿಕೊಟ್ಟು ಬಂದರು. ಸಂಜೆ ಕಟ್ಟೆಯ ಮೇಲೆ ಮಾಸ್ತರರೊಬ್ಬರು ಕಡ್ಡಿ ಹಿಡಿದು ಮಣ್ಣಿನಲ್ಲಿ ಲೆಕ್ಕ ಬಿಡಿಸಿ ತೋರಿಸಿದರು: 210ನ್ನು ಏಳರಿಂದ ಭಾಗಿಸಿದರೆ 30, ಆರರಿಂದ ಗುಣಿಸಿದರೆ 180. ಮೂವತ್ತು ರೂಪಾಯಿ ಹೆಚ್ಚಿಗೆ ಹೋಗಿತ್ತು. ಕೇಳಲು ಹೋದಾಗ “ಖಾತೆ ಮುಗಿದುಹೋಯಿತಪ್ಪಾ” ಎಂಬ ಉತ್ತರ ಬಂತು. ಬರುವ ವರ್ಷವೂ ಉದ್ರಿ ಬೇಕಾದವರು ಎಷ್ಟು ಜಗಳವಾಡಬಲ್ಲರು?

“ನನ್ನ ಮಗ ಈ ಲೆಕ್ಕ ಕಲೀಬೇಕು” ಎಂದು ತಂದೆ ಅಂದೇ ನಿಶ್ಚಯಿಸಿದರೆಂದು ತಾಯಿ ಹೇಳುತ್ತಿದ್ದರು. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಆ ಮೂವತ್ತು ರೂಪಾಯಿಯ ದೆಸೆಯಿಂದ.

ಹಾಲಿ ಮತ್ತು ರೂಪಾಯಿಗಳೆರಡೂ ನಮ್ಮಲ್ಲಿ ಓಡಾಡತೊಡಗಿದ ಅದೇ 1950ರಲ್ಲಿ ದೂರದ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಎಂಬ ಕಾರ್ಡು ಹುಟ್ಟಿತು. ಊಟ ಮಾಡಿ, ಕಾರ್ಡು ತೋರಿಸಿ, ತಿಂಗಳ ಕೊನೆಗೆ ಹಣ ಕಟ್ಟುವ ಏರ್ಪಾಡು, ಅದೂ ಉದ್ರಿಯೇ. ಭಾರತದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕ್ರೆಡಿಟ್ ಕಾರ್ಡು ತಂದಿತು. ನಮ್ಮ ಹಳ್ಳಿಗಳಿಗೆ ಆ ಹೆಸರು ಪರಿಚಯವಾದದ್ದು ಮಾತ್ರ 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನಿಂದ. ಹೆಸರು ಒಂದೇ ಆದರೂ ಎರಡರ ಗುಣ ಬೇರೆ. ರೈತನ ಕಾರ್ಡು ಸುಗ್ಗಿಯವರೆಗೆ ಕಾಯುತ್ತದೆ; ಬೆಳೆಸಾಲವನ್ನು ಸಕಾಲಕ್ಕೆ ತೀರಿಸಿದವನಿಗೆ ವರ್ಷಕ್ಕೆ ನೂರಕ್ಕೆ 4ರಷ್ಟು ಬಡ್ಡಿ. ಪಟ್ಟಣದ ಕಾರ್ಡು ಗಡುವಿನ ದಿನದವರೆಗೆ ಬಡ್ಡಿ ಕೇಳುವುದಿಲ್ಲ. ಪೂರ್ತಿ ಕಟ್ಟದಿದ್ದರೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೇ ನೂರಕ್ಕೆ ಮೂರೂವರೆ.

2020ರ ಲಾಕ್‌ಡೌನಿನಲ್ಲಿ ನನ್ನ ತಂಗಿಯ ಮಗನ ಸಂಬಳ ನಿಂತಿತು. ಕಾರ್ಡಿನ ಬಾಕಿ 50,000 ರೂಪಾಯಿ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದಿದ್ದ 2,500 ಕಟ್ಟಿ ನಿಶ್ಚಿಂತನಾಗಿದ್ದ. ನಾನು ಕಾಗದ ತೆಗೆದುಕೊಂಡು ಕುಳಿತೆ. ಮೂರೂವರೆಯಂತೆ ತಿಂಗಳ ಬಡ್ಡಿ 1,750. ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 315. ಅಸಲಿಗೆ ಸೇರಿದ್ದು 435 ರೂಪಾಯಿ! ಅವನ ಮುಖ ಸಣ್ಣದಾಯಿತು. ತಂಗಿ ತನ್ನ ಉಳಿತಾಯವನ್ನು ಮುರಿದು ಆ ಸಾಲ ತೀರಿಸಿದಳು.

ಹಾಗಾದರೆ ನಗದೇ ಕ್ಷೇಮವೇ? 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ನೂರಕ್ಕೆ 86ರಷ್ಟು ಅವೇ ಆಗಿದ್ದವು. ನಮ್ಮಲ್ಲಿ ಅದು ಹತ್ತಿ ಬಿಡಿಸುವ ಕಾಲ. ಹೊಲದ ಕೂಲಿ ಕೊಡಲು ಚಿಲ್ಲರೆಯಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಂತಾಗ ನನಗೆ ಹಾಲಿ ಸಿಕ್ಕಾದ ನೆನಪಾಯಿತು. ನಗದು ಕೂಡ ಸರ್ಕಾರ ಬರೆದುಕೊಟ್ಟ ಒಂದು ಮಾತು. ಆ ದಿನಗಳಲ್ಲಿ ಊರನ್ನು ನಡೆಸಿದ್ದು ಮುಖ ನೋಡಿ ಕೊಟ್ಟ ಅಂಗಡಿಯ ಉದ್ರಿ.

ಆದ್ದರಿಂದ ಶಿಷ್ಯನಿಗೆ ನನ್ನ ಉತ್ತರವಿಷ್ಟು. ನೌಕರಿ ಅನಿಶ್ಚಿತವಾಗಿರುವಾಗ ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ, ಒಂದು ವಾರದ್ದು ಮನೆಯಲ್ಲಿರಲಿ. ಕಾರ್ಡು ಬಳಸುವೆಯಾದರೆ ಗಡುವಿನೊಳಗೆ ಪೂರ್ತಿ ಕಟ್ಟಬಲ್ಲಷ್ಟೇ ಬಳಸು. ಬರುವುದೋ ಇಲ್ಲವೋ ತಿಳಿಯದ ಸಂಬಳವನ್ನು ನಂಬಿ ಬಳಸಬೇಡ. ಬಿಲ್ಲು ಬಂದ ದಿನ ಒಂದು ಹಾಳೆಯ ಮೇಲೆ ಅಸಲು, ಬಡ್ಡಿ ಬಿಡಿಸಿ ಬರೆ. ಏಳನೆಯ ತರಗತಿಯಲ್ಲಿ ಹೇಳಿಕೊಟ್ಟದ್ದಕ್ಕಿಂತ ಹೆಚ್ಚಿನ ಗಣಿತ ಅದಕ್ಕೆ ಬೇಕಿಲ್ಲ. ನನ್ನ ತಂದೆಗೆ ಆ ಲೆಕ್ಕ ತಿಳಿದದ್ದು ಹಣ ಕೊಟ್ಟು ಬಂದ ಮೇಲೆ. ನಿಮಗೆಲ್ಲ ಅದು ಕೊಡುವ ಮೊದಲೇ ತಿಳಿದಿರಲಿ.